ಗುಂಡು ಟೀಚರ್ ಕರೆತಂದ ಮಗು

ಆಕೆ ನೋಡಲು ಒಣಕಡ್ಡಿ. ಗಾಳಿ ಸ್ವಲ್ಪ ಜೋರಾಗಿ ಬೀಸಿದರೆ ಶಾಲೆಯ ಗೇಟು ಹಿಡಿದುಕೊಂಡು ನಿಲ್ಲಬೇಕೇನೋ ಎಂಬಂಥ ಮೈಕಟ್ಟು. ಆದರೂ ಮಕ್ಕಳೆಲ್ಲ ಆಕೆಯನ್ನು ಕರೆಯುತ್ತಿದ್ದುದು ಗುಂಡು ಟೀಚರ್ ಎಂದು. ಆ ಹೆಸರು ಕೇಳಿ ಆಕೆಯನ್ನು ನೋಡಿದ ಹೊಸಬರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು.

ಹೆಸರು ಬಂದದ್ದು ಉತ್ತರಪತ್ರಿಕೆಯ ಗುಂಡುಗಳಿಂದ. ಮೂರನೇ ತರಗತಿಯ ಮಕ್ಕಳಿಗೆಲ್ಲ ವರ್ಷದ ಕೊನೆಗೆ ಸರ್ಕಾರ ಒಂದೇ ಪ್ರಶ್ನೆಪತ್ರಿಕೆಯ ದೊಡ್ಡ ಪರೀಕ್ಷೆ ಇಡುತ್ತಿತ್ತು. ಅದರಲ್ಲಿ ಬರೆಯುವುದೇನೂ ಇಲ್ಲ. ಪ್ರತಿ ಪ್ರಶ್ನೆಯ ಮುಂದೆ ನಾಲ್ಕು ಪುಟ್ಟ ಗುಂಡುಗಳು. ಸರಿಯುತ್ತರದ ಗುಂಡನ್ನು ಪೆನ್ಸಿಲ್ಲಿನಿಂದ ಕಪ್ಪಾಗಿ ತುಂಬಬೇಕು. ತಿದ್ದುವುದು ಯಂತ್ರ. ಎಂಟು ವರ್ಷದ ಕೈಗಳಿಗೆ ಅದೇನೂ ಸುಲಭದ ಕೆಲಸವಲ್ಲ. ಒಬ್ಬ ಗುಂಡಿನೊಳಗೆ ಕಣ್ಣು ಮೂಗು ಬಿಡಿಸುತ್ತಿದ್ದ, ಇನ್ನೊಬ್ಬಳು ಚೆಂದ ಕಾಣಲೆಂದು ನಾಲ್ಕನ್ನೂ ತುಂಬಿ ಕೂರುತ್ತಿದ್ದಳು.

"ಯಂತ್ರ ಕುರುಡು ಮಕ್ಕಳಾ," ಎನ್ನುತ್ತಿದ್ದಳು ಟೀಚರ್. "ಪಾಪ, ಅದಕ್ಕೆ ಕಪ್ಪು ಬಿಟ್ರೆ ಬೇರೆ ಏನೂ ಕಾಣಲ್ಲ. ಅದಕ್ಕೆ ಚೆನ್ನಾಗಿ ಕಾಣೋ ಹಾಗೆ ತುಂಬಿ. ಗೆರೆ ದಾಟಬಾರದು, ಬೆಳ್ಳಗೆ ಬಿಡಬಾರದು."

ಮಕ್ಕಳಿಗೆ ಆ ಕುರುಡು ಯಂತ್ರದ ಮೇಲೆ ಕನಿಕರ ಹುಟ್ಟುತ್ತಿತ್ತು. ನಾಲಿಗೆ ಹೊರಗೆ ಚಾಚಿಕೊಂಡು, ಉಸಿರು ಬಿಗಿಹಿಡಿದು ಗುಂಡು ತುಂಬುತ್ತಿದ್ದರು. ಮುಂದಿನ ಪಾಠ ಇನ್ನೂ ಮಜವಾದದ್ದು. "ನಾಲ್ಕು ಉತ್ತರದಲ್ಲಿ ಎರಡು ಶುದ್ಧ ಪೆದ್ದು ಇರ್ತವೆ. ಮೊದಲು ಅವುಗಳ ಕಿವಿ ಹಿಡಿದು ಆಚೆ ಹಾಕಿ. ಉಳಿದ ಎರಡರಲ್ಲಿ ಯಾವುದು ಅಂತ ಗೊತ್ತಾಗದಿದ್ರೂ ಹೆದರಬೇಡಿ, ಒಂದನ್ನ ಊಹೆ ಮಾಡಿ ತುಂಬಿ. ಬಿಟ್ರೆ ಸೊನ್ನೆ, ತುಂಬಿದ್ರೆ ಅದೃಷ್ಟ." ಪೆದ್ದು ಉತ್ತರಗಳ ಕಿವಿ ಹಿಂಡುವುದೆಂದರೆ ತರಗತಿಗೆ ಹಬ್ಬ.

ಆಕೆ ಕಾಯಂ ಶಿಕ್ಷಕಿಯಲ್ಲ. ವರ್ಷ ವರ್ಷವೂ ಇನ್ನೊಂದು ವರ್ಷಕ್ಕೆ ಮುಂದುವರಿಸುವ ತಾತ್ಕಾಲಿಕ ಕೆಲಸ. ವಾಸ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ, ಅತ್ತೆಯೊಂದಿಗೆ. ಗಂಡ ಬೇರೊಬ್ಬಳನ್ನು ಕಟ್ಟಿಕೊಂಡು ಇನ್ನೊಂದು ಊರಿಗೆ ಹೋಗಿ ಬಹಳ ಕಾಲವಾಗಿತ್ತು. ಹೋಗುವಾಗ ತಾಯಿಯನ್ನೂ ಕರೆದಿದ್ದ. "ನೀನು ಹೆಂಡತೀನ ಬಿಡಬಹುದು, ನಾನು ಸೊಸೆನ ಬಿಡಲ್ಲ. ಇಷ್ಟು ರುಚಿಯಾಗಿ ಬೈಸಿಕೊಳ್ಳೋರು ನನಗೆ ಬೇರೆ ಯಾರು ಸಿಗ್ತಾರೆ?" ಎಂದು ಮುದುಕಿ ಇದ್ದಲ್ಲೇ ಉಳಿದಿದ್ದಳು. ದೊಡ್ಡ ಆಸ್ಪತ್ರೆಯಲ್ಲಿ ಆಯಾ ಆಗಿ ಜೀವ ಸವೆಸಿದವಳು ಆಕೆ. ಬಾಯಿ ಕತ್ತರಿ, ಮಂಡಿ ಎರಡೂ ಹೋಗಿದ್ದವು. ಸಂಜೆ ಸೊಸೆ ಬಂದ ಕೂಡಲೇ, "ಏನಮ್ಮಾ, ಇವತ್ತು ಎಷ್ಟು ಕತ್ತೆಗಳನ್ನ ಕುದುರೆ ಮಾಡಿದೆ?" ಎಂದು ಕೇಳುವುದು ಅವಳ ಪದ್ಧತಿ.

ಶಾಲೆ ಚಿಕ್ಕದು. ಹಳೇ ಟೈರುಗಳನ್ನು ರಾಶಿ ಹಾಕುವ ಅಂಗಳಕ್ಕೂ ಒಂದು ಮರದ ಗೋದಾಮಿಗೂ ನಡುವೆ ಸಿಕ್ಕಿಕೊಂಡ ಒಂದು ಸಾಲು ಕೋಣೆಗಳು. ಬೇಸಿಗೆಯಲ್ಲಿ ರಬ್ಬರಿನ ವಾಸನೆ, ಚಳಿಗಾಲದಲ್ಲಿ ಮರ ಕೊಯ್ಯುವ ಸದ್ದು. ಸುತ್ತಲಿನ ಬೀದಿಗಳಲ್ಲಿ ದುಡಿದು ತಿನ್ನುವವರ ಮಕ್ಕಳೇ ಅಲ್ಲಿಗೆ ಬರುತ್ತಿದ್ದವು, ಕೆಲವು ತಮ್ಮಂದಿರನ್ನೂ ಸೊಂಟದ ಮೇಲೆ ಹೊತ್ತುಕೊಂಡು. ಹೆಡ್ಮಾಷ್ಟರು ಅದೇ ಶಾಲೆಯಲ್ಲಿ ಅಕ್ಷರ ಕಲಿತು, ಅಲ್ಲೇ ಮೇಷ್ಟ್ರಾಗಿ, ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಮುರಿದ ಬೆಂಚಿಗೆ ತಾವೇ ಮೊಳೆ ಹೊಡೆಯುತ್ತಿದ್ದರು.

ಹಿಂದಿನ ವರ್ಷದ ದೊಡ್ಡ ಪರೀಕ್ಷೆಯಲ್ಲಿ ಶಾಲೆಯ ಸರಾಸರಿ ಸರ್ಕಾರ ಎಳೆದ ಗೆರೆಗಿಂತ ಕೆಳಗೆ ಬಿದ್ದಿತ್ತು. ಎರಡು ವರ್ಷ ಸತತವಾಗಿ ಬಿದ್ದ ಶಾಲೆಯನ್ನು ಮುಚ್ಚಿ ಮಕ್ಕಳನ್ನು ದೊಡ್ಡ ಶಾಲೆಗೆ ಸೇರಿಸುವುದು ಹೊಸ ನಿಯಮ. ದೊಡ್ಡ ಶಾಲೆ ಇದ್ದದ್ದು ಲಾರಿಗಳು ಬಿಟ್ಟ ಬಾಣದಂತೆ ಓಡುವ ಅಗಲ ರಸ್ತೆಯ ಆಚೆ. ಹೀಗಾಗಿ ಈ ವರ್ಷ ಮೂರನೇ ತರಗತಿಯನ್ನು ಪೂರ್ತಿಯಾಗಿ ಗುಂಡು ಟೀಚರ್ ಕೈಗೆ ಒಪ್ಪಿಸಿದ್ದರು. "ಈ ಮುಳುಗೋ ದೋಣಿಗೆ ನೀವೇ ಹುಟ್ಟು," ಎಂದಿದ್ದರು ಹೆಡ್ಮಾಷ್ಟರು, ನಗುವ ಹಾಗೆ ಮಾಡಿ.

ಆ ತರಗತಿಯಲ್ಲಿ ಲಾಂಡ್ರಿಯವಳ ಮಗಳಿದ್ದಳು. ಶಾಲೆಯ ಹಿಂದಿನ ಬೀದಿಯಲ್ಲಿ ಆಸ್ಪತ್ರೆಯ ಹೊದಿಕೆ, ದಿಂಬಿನ ಚೀಲಗಳನ್ನು ಒಗೆದು ಇಸ್ತ್ರಿ ಮಾಡುವ ದೊಡ್ಡ ಲಾಂಡ್ರಿ ಇತ್ತು. ಹುಡುಗಿಯ ತಾಯಿ ಅಲ್ಲಿ ಹಬೆಯ ಇಸ್ತ್ರಿ ಯಂತ್ರದ ಮುಂದೆ ಕೆಲಸ ಮಾಡುತ್ತಿದ್ದಳು. ತಂದೆ ಇರಲಿಲ್ಲ. ಹುಡುಗಿಗೆ ಮಕ್ಕಳು ಇಟ್ಟ ಹೆಸರು ಬಸವನಹುಳು. ಓದಲು ಬಾರದೆ ಅಲ್ಲ. ಒಂದು ಸಾಲಿನ ಮೇಲೆ ಬೆರಳಿಟ್ಟರೆ ಅದರ ಒಳಹೊರಗೆಲ್ಲ ತಿಳಿಯುವ ತನಕ ಮುಂದಿನ ಸಾಲಿಗೆ ಕಾಲಿಡುವ ಪೈಕಿ ಅಲ್ಲ ಅವಳು.

ಒಂದು ದಿನ ಟೀಚರ್ ಲೆಕ್ಕ ಓದಿದಳು. ಬಸ್ಸಿನಲ್ಲಿ ಇಪ್ಪತ್ತು ಜನ ಇದ್ದರು, ಮೊದಲ ನಿಲ್ದಾಣದಲ್ಲಿ ಏಳು ಜನ ಇಳಿದರು, ಈಗ ಬಸ್ಸಿನಲ್ಲಿ ಎಷ್ಟು ಜನ? ಎಲ್ಲರೂ ಗುಂಡು ತುಂಬಿ ಪೆನ್ಸಿಲ್ ಕೆಳಗಿಟ್ಟರು. ಬಸವನಹುಳು ಮಾತ್ರ ಕೈ ಎತ್ತಿ ಕೂತಿತ್ತು.

"ಏನೇ?"

"ಡ್ರೈವರ್‌ನ ಸೇರಿಸಬೇಕಾ ಟೀಚರ್?"

ತರಗತಿ ಗೊಳ್ಳೆಂದಿತು. ಟೀಚರ್ ನಗಲಿಲ್ಲ. ಇಷ್ಟು ವರ್ಷ ಈ ಲೆಕ್ಕ ಹೇಳಿಕೊಟ್ಟರೂ ಡ್ರೈವರ್ ಎಂಬ ಪ್ರಾಣಿ ಆಕೆಗೆ ಕಂಡಿರಲೇ ಇಲ್ಲ. "ಪರೀಕ್ಷೇಲಿ ಸೇರಿಸಬೇಡಮ್ಮ," ಎಂದಳು ಮೆಲ್ಲಗೆ. "ಪ್ರಶ್ನೆ ಬರೆದೋರಿಗೆ ಅವನು ನೆನಪಾಗಿರಲ್ಲ."

ಊಹೆ ಮಾಡಿ ತುಂಬುವ ವಿದ್ಯೆ ಮಾತ್ರ ಆ ಹುಡುಗಿಗೆ ಹತ್ತಲಿಲ್ಲ. "ಗೊತ್ತಿಲ್ಲದೇ ಇರೋದನ್ನ ಗೊತ್ತು ಅಂತ ಹೇಗೆ ತುಂಬಲಿ? ಸುಳ್ಳಾಗಲ್ವಾ?" ಎಂದು ಕೇಳುತ್ತಿದ್ದಳು. ಟೀಚರ್ ಬಗೆಬಗೆಯಾಗಿ ಹೇಳಿ ನೋಡಿದಳು. ಇದು ಆಟ ಅಂದುಕೋ ಎಂದಳು, ಕಣ್ಣುಮುಚ್ಚಾಲೆಯಲ್ಲಿ ಗೆಳತಿ ಯಾವ ಬಾಗಿಲ ಹಿಂದಿದಾಳೆ ಅಂತ ಹುಡುಕೋ ಹಾಗೆ ಎಂದಳು. "ಆಟದಲ್ಲಿ ಬಾಗಿಲು ತೆಗೆದು ನೋಡಬಹುದಲ್ಲ ಟೀಚರ್," ಎಂದಿತು ಹುಡುಗಿ. ಕೊನೆಗೆ ಟೀಚರ್ ಸಂಜೆ ಹೊತ್ತು ಅವಳನ್ನು ಮನೆಗೆ ಕರೆದುಕೊಂಡು ಹೋಗಿ, ಅಡುಗೆಕೋಣೆಯ ನೆಲದ ಮೇಲೆ ಕೂರಿಸಿ ಓದಿಸತೊಡಗಿದಳು. ಅತ್ತೆ ತನ್ನ ಕುರ್ಚಿಯಿಂದ ನೋಡುತ್ತಿದ್ದಳು.

"ಈ ಮಗೂಗೆ ಏನೂ ಆಗಿಲ್ಲ ಕಣೇ. ನಿಧಾನ, ಅಷ್ಟೆ. ನಿಧಾನವಾಗಿ ಬೇಯೋ ಬೇಳೆ."

"ಬೇಯೋ ತನಕ ಪರೀಕ್ಷೆ ಕಾಯಲ್ಲ ಅತ್ತೆ."

ಚಳಿಗಾಲ ಕಳೆಯುವ ಹೊತ್ತಿಗೆ ಹುಡುಗಿ ಮುಂಚೆಗಿಂತ ಚುರುಕಾಗಿದ್ದಳು. ಓದಿದ್ದನ್ನು ತಪ್ಪು ಮಾಡುತ್ತಿರಲಿಲ್ಲ. ಆದರೆ ಸಮಯದ ಗಂಟೆ ಹೊಡೆದಾಗ ಅವಳ ಹಾಳೆಯಲ್ಲಿ ಅರ್ಧ ಯಾವಾಗಲೂ ಬೆಳ್ಳಗೇ ಉಳಿದಿರುತ್ತಿತ್ತು.

ಪರೀಕ್ಷೆಗೆ ಒಂದು ವಾರ ಇದೆ ಎನ್ನುವಾಗ ಹೆಡ್ಮಾಷ್ಟರು ಟೀಚರನ್ನು ತಮ್ಮ ಕೋಣೆಗೆ ಕರೆದರು. ಮಕ್ಕಳ ಅಭ್ಯಾಸದ ಹಾಳೆಗಳು ಮೇಜಿನ ಮೇಲೆ ಹರಡಿದ್ದವು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಗೆರೆ ಹತ್ರ ಬಂದಿದೀವಿ. ನಿಮ್ಮ ಪುಣ್ಯ. ಆದರೆ ಆ ಲಾಂಡ್ರಿಯವಳ ಮಗು..."

"ಅವಳು ಸುಧಾರಿಸಿದಾಳೆ ಸರ್."

"ಸುಧಾರಿಸಿದಾಳೆ, ನಾನೂ ನೋಡಿದೀನಿ. ಆದ್ರೆ ನಮ್ಮದು ಚಿಕ್ಕ ತರಗತಿ, ಒಂದು ಮಗು ಕೆಳಗೆ ಎಳೆದ್ರೂ ಎಲ್ಲ ಕೆಳಗೆ ಹೋಗತ್ತೆ." ಅವರು ಕಿಟಕಿಯ ಕಡೆ ನೋಡಿದರು. "ಬರದೇ ಇರೋ ಮಗು ಲೆಕ್ಕಕ್ಕೆ ಬರಲ್ಲ. ಅವತ್ತೊಂದು ದಿನ ಜ್ವರ ಬಂದ್ರೆ ಆಯ್ತು."

"ಜ್ವರ ಬರಲಿ ಅಂತ ನಾನು ಹೇಗೆ ಹೇಳಲಿ ಸರ್? ಇಡೀ ವರ್ಷ ಅವಳಿಗೆ ಇದೇ ಪರೀಕ್ಷೆ ಅಂತ ಹೇಳಿಕೊಟ್ಟಿದೀನಿ."

"ಎಲ್ಲ ಮಕ್ಕಳ ಪ್ರಶ್ನೆ ಇದು. ಅವಳದೂ ಸೇರಿ. ಶಾಲೆ ಮುಚ್ಚಿದ್ರೆ ಆ ರಸ್ತೆ ದಾಟಿಸೋರು ಯಾರು? ಅವಳ ತಾಯಿ ಇಸ್ತ್ರಿ ಬಿಟ್ಟು ಬರ್ತಾಳಾ?"

"ಅವಳನ್ನ ಕಳಿಸಬೇಡ ಅಂತ ತಾಯಿಗೆ ನನ್ನ ಕೈಲಿ ಹೇಳೋಕಾಗಲ್ಲ," ಎಂದಳು ಟೀಚರ್. ಹೆಡ್ಮಾಷ್ಟರು ಹಾಳೆಗಳನ್ನು ಒಟ್ಟುಮಾಡಿ ಕಟ್ಟಿಟ್ಟರು. ಒಪ್ಪಿಕೊಂಡರೆಂದೇ ಆಕೆ ಅಂದುಕೊಂಡಳು.

ಪರೀಕ್ಷೆಯ ಬೆಳಿಗ್ಗೆ ಮಕ್ಕಳೆಲ್ಲ ತಲೆ ಬಾಚಿ, ಪೆನ್ಸಿಲ್ ಚೂಪು ಮಾಡಿಕೊಂಡು ಸಾಲಾಗಿ ನಿಂತಿದ್ದವು. ಒಬ್ಬ ಆಗಲೇ ವಾಂತಿ ಮಾಡಿಕೊಂಡು ಮುಖ ತೊಳೆಸಿಕೊಂಡು ಬಂದಿದ್ದ. ಪರೀಕ್ಷೆ ನಡೆಸಲು ಬೇರೆ ಶಾಲೆಯಿಂದ ಬಂದ ಮೇಲ್ವಿಚಾರಕಿ ಮೊಹರು ಹಾಕಿದ ಕಟ್ಟನ್ನು ಎದೆಗವಚಿಕೊಂಡು ಕೂತಿದ್ದಳು. ಸಾಲಿನಲ್ಲಿ ಬಸವನಹುಳು ಇರಲಿಲ್ಲ.

"ಎಲ್ಲಿ ಅವಳು?"

"ಮೈ ಸರಿ ಇಲ್ವಂತೆ," ಎಂದರು ಹೆಡ್ಮಾಷ್ಟರು, ಬಾವುಟದ ಕಂಬದ ತುದಿಯನ್ನು ನೋಡುತ್ತ.

ಟೀಚರಿಗೆ ಗೊತ್ತಾಯಿತು. ಗೇಟು ದಾಟಿ ಲಾಂಡ್ರಿಯ ಕಡೆ ಓಡಿದಳು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದವು. ಗುಂಡು ಟೀಚರ್ ಓಡಿದ್ದನ್ನು ಅವು ಕಂಡಿರಲಿಲ್ಲ.

ಲಾಂಡ್ರಿಯ ಒಳಗೆ ಹಬೆ ಕವಿದಿತ್ತು. ಚಕ್ರದ ಗಾಡಿಗಳಲ್ಲಿ ಒದ್ದೆ ಬಟ್ಟೆ ಗುಡ್ಡೆ ಬಿದ್ದಿತ್ತು. ತಾಯಿ ಹೊದಿಕೆಯ ಒಂದು ತುದಿ ಹಿಡಿದು ಯಂತ್ರದ ಬಾಯಿಗೆ ಕೊಡುತ್ತಿದ್ದಳು. ಪಕ್ಕದಲ್ಲಿ, ಬಟ್ಟೆಯ ರಾಶಿಯ ಮೇಲೆ ಕೂತು ಹುಡುಗಿ ದಿಂಬಿನ ಚೀಲ ಮಡಿಸುತ್ತಿದ್ದಳು. ಮೈಮೇಲೆ ಶಾಲೆಯ ಸಮವಸ್ತ್ರ.

"ಬಿಚ್ಚು ಅಂದ್ರೆ ಬಿಚ್ಚಲಿಲ್ಲ," ಎಂದಳು ತಾಯಿ, ತಾನೇನೋ ತಪ್ಪು ಮಾಡಿದವಳಂತೆ. "ದೊಡ್ಡ ಮೇಷ್ಟ್ರೇ ಮನೆಗೆ ಬಂದಿದ್ರು ಟೀಚರ್. ಒಂದಿನ ಇವಳನ್ನ ಕಳಿಸಬೇಡ, ಶಾಲೆಗೆ ಒಳ್ಳೇದು ಅಂದ್ರು."

"ಮಗೂಗೆ?"

"ಅದನ್ನ ಹೇಳಲಿಲ್ಲ."

ಹುಡುಗಿ ಮಡಿಸುವುದನ್ನು ನಿಲ್ಲಿಸಿ ಇಬ್ಬರ ಮುಖವನ್ನೂ ಮತ್ತೆ ಮತ್ತೆ ನೋಡುತ್ತಿದ್ದಳು.

"ಇವಳು ಅಷ್ಟು ದಡ್ಡಿನಾ ಟೀಚರ್?" ತಾಯಿ ದನಿ ತಗ್ಗಿಸಿದಳು. "ಇವಳು ಬರೆದ್ರೆ ಏನಾದ್ರೂ ತೊಂದ್ರೆ ಆಗತ್ತಾ?"

"ದಡ್ಡಿ ಅಲ್ಲ. ಏನೂ ಆಗಲ್ಲ. ನಾನಿದೀನಲ್ಲ," ಎಂದಳು ಟೀಚರ್. ಆ ಮಾತನ್ನು ಆಕೆ ಯೋಚಿಸಿ ಆಡಲಿಲ್ಲ. ಬಾಯಿಗೆ ಬಂತು, ಆಡಿದಳು. ಹುಡುಗಿಯ ಕೈ ಹಿಡಿದು ಎಳೆದುಕೊಂಡೇ ಓಡಿದಳು. ಮೇಲ್ವಿಚಾರಕಿ ಬಾಗಿಲು ಹಾಕುತ್ತಿದ್ದಾಗ ಇಬ್ಬರೂ ಏದುಸಿರು ಬಿಡುತ್ತ ಬಂದು ನಿಂತರು. ಹೆಡ್ಮಾಷ್ಟರು ದಾರಿ ಬಿಟ್ಟರು, ಅಷ್ಟೆ.

ಒಳಗೆ ಹೋಗಲು ಟೀಚರಿಗೆ ಅಪ್ಪಣೆ ಇರಲಿಲ್ಲ. ಜಗಲಿಯಲ್ಲಿ ನಿಂತು ಕಿಟಕಿಯ ಸಂದಿಯಿಂದ ನೋಡಿದಳು. ಉಳಿದ ಮಕ್ಕಳ ತಲೆಗಳು ಬಗ್ಗಿದ್ದವು, ಪೆನ್ಸಿಲ್ ಸರಸರ ಆಡುತ್ತಿತ್ತು, ಕೆಲವರ ತುಟಿಗಳು "ಪೆದ್ದು, ಪೆದ್ದು" ಎನ್ನುತ್ತಿದ್ದವು. ಬಸವನಹುಳುವಿನ ಬೆರಳು ಸಾಲಿನ ಮೇಲೆ ಹರಿಯುತ್ತಿತ್ತು, ನಿಲ್ಲುತ್ತಿತ್ತು, ಹಿಂದಕ್ಕೆ ಹೋಗುತ್ತಿತ್ತು. ಬೇಗ, ಬೇಗಮ್ಮ, ಎಂದು ಟೀಚರ್ ಒಳಗೊಳಗೇ ಬೇಡಿಕೊಂಡಳು. ಒಂದನ್ನ ತುಂಬು, ಯಾವುದಾದ್ರೂ ಸರಿ, ತುಂಬಿಬಿಡು. ಗಂಟೆ ಹೊಡೆಯಿತು.

ಹುಡುಗಿ ನಗುನಗುತ್ತ ಹೊರಗೆ ಬಂದಳು. "ಮಾಡಿದ್ದೆಲ್ಲ ಸರಿ ಮಾಡಿದೀನಿ ಟೀಚರ್. ಮಾಡದೇ ಇರೋದು ಮಾತ್ರ ಉಳೀತು."

"ಶಹಬ್ಬಾಸ್," ಎಂದಳು ಟೀಚರ್. ಬೇರೆ ಏನು ಹೇಳಲು ಸಾಧ್ಯವಿತ್ತು?

ಅವತ್ತು ಸಂಜೆ ನಡೆದದ್ದನ್ನೆಲ್ಲ ಕೇಳಿದ ಅತ್ತೆ ಎಂದಿನಂತೆ ಹಾಸ್ಯ ಮಾಡಲಿಲ್ಲ. "ಊರಿಗೆ ಉಪಕಾರಿ ಆಗೋಕೆ ಹೋಗಿದೀಯ," ಎಂದು ಮಂಡಿ ನೀವಿಕೊಂಡಳು. "ಊರು ಏನನ್ನತ್ತೋ ನೋಡೋಣ."

ಫಲಿತಾಂಶ ಬಂದದ್ದು ರಜೆಯಲ್ಲಿ. ಹೆಡ್ಮಾಷ್ಟರು ಹೇಳಿ ಕಳಿಸಿದರು. ಖಾಲಿ ಶಾಲೆಯಲ್ಲಿ ಅವರೊಬ್ಬರೇ ಕೂತಿದ್ದರು. ಟೀಚರ್ ಬಾಗಿಲಲ್ಲಿ ನಿಂತಾಗಲೇ ಅವರ ಭುಜ ನೋಡಿ ಆಕೆಗೆ ಅರ್ಥವಾಯಿತು.

"ಕೂದಲೆಳೆಯಷ್ಟು," ಎಂದರು. "ಒಂದು ಕೂದಲೆಳೆಯಷ್ಟರಲ್ಲಿ ಕೆಳಗೆ ಉಳಿದ್ವಿ."

ಟೀಚರ್ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಆ ಒಂದು ಮಗು ಬರೀದೇ ಇದ್ದಿದ್ರೆ ದಾಟ್ತಿದ್ವಿ. ನಾನು ಬೆಳಿಗ್ಗೆಯಿಂದ ಕೂಡಿ ಕಳೆದು ನೋಡ್ತಾನೇ ಇದೀನಿ. ಪ್ರತಿ ಸಲಾನೂ ದಾಟ್ತೀವಿ." ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. "ನಿಮ್ಮನ್ನ ಬೈಯೋಕೆ ಕರೀಲಿಲ್ಲಮ್ಮ. ನಾನೂ ಮೇಷ್ಟ್ರೇ. ನೀವು ಮಾಡಿದ್ದನ್ನ ಮೂವತ್ತು ವರ್ಷದ ಹಿಂದೆ ನಾನೂ ಮಾಡ್ತಿದ್ದೆನೋ ಏನೋ. ಆದ್ರೆ ಇದನ್ನ ಒಬ್ಬನೇ ಹೊತ್ಕೊಂಡು ತಿರುಗೋಕೆ ನನ್ನ ಕೈಲಿ ಆಗಲ್ಲ."

"ಅವಳು ತುಂಬಿದ್ರಲ್ಲಿ ಎಷ್ಟು ತಪ್ಪಾಗಿತ್ತು ಸರ್?"

"ಒಂದೂ ಇಲ್ಲ. ಅದೇ ಸಂಕಟ. ಉಳಿದಿದ್ದಕ್ಕೆ ಕಣ್ಣು ಮುಚ್ಚಿ ಗೀಚಿದ್ರೂ ಸಾಕಾಗಿತ್ತು."

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಆ ಶಾಲೆಯ ಗೋಡೆಗಳಿಗೆ ಬಾಯಿಯೂ ಇತ್ತು. ಹೆಡ್ಮಾಷ್ಟರು ಟೈರು ಅಂಗಳದ ಯಜಮಾನನಿಗೆ ದುಃಖದಲ್ಲಿ ಒಂದು ಮಾತು ಆಡಿದ್ದರಂತೆ, ಅವನು ತನ್ನ ಹೆಂಡತಿಗೆ. ಎರಡು ದಿನ ಕಳೆಯುವುದರೊಳಗೆ ನಲ್ಲಿಯ ಹತ್ತಿರ, ಬಸ್ ನಿಲ್ದಾಣದಲ್ಲಿ ಎಲ್ಲ ಅದೇ ಮಾತು. ಒಂದು ಹುಳು ಇಡೀ ಶಾಲೆಯನ್ನು ತಿಂದುಹಾಕಿತು. ಆ ಕಡ್ಡಿ ಟೀಚರ್ ಓಡಿಹೋಗಿ ಅದನ್ನು ಹೊತ್ತು ತಂದಳಂತೆ. ಹೋಗಿ ಕರೆತಾ ಎಂದು ಅವಳಿಗೆ ಹೇಳಿದವರು ಯಾರಂತೆ? ಅದಕ್ಕೆ ಉತ್ತರ ಯಾರಿಗೂ ಬೇಕಾಗಿರಲಿಲ್ಲ.

ಗೆರೆ ಎಳೆದವರ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಅವರು ದೂರದಲ್ಲಿದ್ದರು, ಲಾಂಡ್ರಿ ಹತ್ತಿರದಲ್ಲಿತ್ತು.

ಒಂದು ಮಧ್ಯಾಹ್ನ ಲಾಂಡ್ರಿಯವಳು ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು. ಹಬೆಗೆ ಸುಕ್ಕುಗಟ್ಟಿದ ಕೈಗಳನ್ನು ಒಂದರೊಳಗೊಂದು ಹಿಸುಕುತ್ತಿದ್ದಳು.

"ನಾನು ಅವಳನ್ನ ಬಿಟ್ಟಿದ್ನಲ್ಲ ಟೀಚರ್. ಪರೀಕ್ಷೆಗೆ ಕಳಿಸದೆ ಬಿಟ್ಟಿದ್ನಲ್ಲ."

ಟೀಚರ್ ತಲೆ ತಗ್ಗಿಸಿದಳು.

"ಏನೂ ಆಗಲ್ಲ ಅಂದ್ರಿ. ನಾನಿದೀನಿ ಅಂದ್ರಿ. ಈಗ ನನ್ನ ಮಗಳ ತಲೆ ಮೇಲೆ ಊರೆಲ್ಲ ಗೂಬೆ ಕೂರಿಸ್ತಾ ಇದೆ. ನಿನ್ನೆ ಯಾರೋ ಅವಳ ಬೆನ್ನಿಗೆ ಕಲ್ಲು ಹೊಡೆದಿದಾರೆ. ಯಾರು ಅಂದ್ರೆ ಹೇಳ್ತಾನೇ ಇಲ್ಲ."

"ತಪ್ಪು ನಂದು," ಎಂದಳು ಟೀಚರ್. "ನಾನೇ ಎಲ್ಲರಿಗೂ ಹೇಳ್ತೀನಿ."

"ಯಾರಿಗೆ ಹೇಳ್ತೀರಿ? ನೀವು ಹೇಳಿದ್ರೆ ಶಾಲೆ ವಾಪಸ್ ಬರತ್ತಾ?" ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. ಅದೇ ಟೀಚರಿಗೆ ಹೆಚ್ಚು ನೋವು ಕೊಟ್ಟಿತು. "ನೀವು ಒಳ್ಳೇವ್ರು ಟೀಚರ್. ಆದ್ರೆ ನಿಮ್ಮ ಒಳ್ಳೇತನದ ಏಟು ನಮಗೆ ಬಿತ್ತು."

ಟೀಚರ್ ಹೇಳದೆ ಬಿಡಲಿಲ್ಲ. ಶಾಲೆ ಮುಚ್ಚುವ ಮುನ್ನ ನಡೆದ ಪಾಲಕರ ಸಭೆಯಲ್ಲಿ ಎದ್ದು ನಿಂತು, ಮಗುವನ್ನು ಕರೆತಂದವಳು ನಾನು, ತಾಯಿಯದಾಗಲಿ ಮಗುವಿನದಾಗಲಿ ಏನೂ ತಪ್ಪಿಲ್ಲ ಎಂದಳು. ಹೆಡ್ಮಾಷ್ಟರು ತಮ್ಮ ಪಾಲನ್ನು ಹೇಳುತ್ತಾರೇನೋ ಎಂದು ಒಮ್ಮೆ ಅವರ ಕಡೆ ನೋಡಿದಳು. ಅವರು ನೆಲ ನೋಡುತ್ತಿದ್ದರು. ಟೈರು ಅಂಗಳದ ಯಜಮಾನ, "ಒಂದು ಮಗೂನ ಉದ್ಧಾರ ಮಾಡೋಕೆ ಹೋಗಿ ಮಿಕ್ಕವರನ್ನೆಲ್ಲ ಬೀದಿಗೆ ಹಾಕಿದ್ರಲ್ಲ, ಯಾವ ನ್ಯಾಯ ಇದು?" ಎಂದ. ಅವನ ಮಗನೂ ಅದೇ ತರಗತಿಯಲ್ಲಿದ್ದ, ಚೆನ್ನಾಗಿ ಬರೆದಿದ್ದ. ಅವನು ಕೇಳಿದ್ದು ತಪ್ಪಲ್ಲ ಎಂದೇ ಆಕೆಗೂ ಅನ್ನಿಸಿತು.

ಶಾಲೆಗೆ ಬೀಗ ಬಿತ್ತು. ತಾತ್ಕಾಲಿಕ ಟೀಚರನ್ನು ದೊಡ್ಡ ಶಾಲೆಗೆ ತೆಗೆದುಕೊಳ್ಳುವ ಮಾತೇ ಬರಲಿಲ್ಲ. ಮಕ್ಕಳು ಬೆಳಿಗ್ಗೆ ಗುಂಪು ಕಟ್ಟಿಕೊಂಡು ಅಗಲ ರಸ್ತೆಯ ಅಂಚಿನಲ್ಲಿ ನಿಲ್ಲುತ್ತಿದ್ದವು. ಒಂದಿಬ್ಬರು ತಂದೆಯರು ಪಾಳಿಯ ಮೇಲೆ ನಿಂತು ದಾಟಿಸುತ್ತಿದ್ದರು. ಕೆಲಸವಿಲ್ಲದ ಟೀಚರ್ ತಾನೂ ಹೋಗಿ ನಿಂತಳು. ಮೊದಮೊದಲು ಯಾರೂ ಮಾತಾಡಿಸಲಿಲ್ಲ. ಆಮೇಲೆ ಒಬ್ಬ ತಂದೆ ಲಾರಿ ತಡೆಯುವ ಕೆಂಪು ಬಟ್ಟೆಯನ್ನು ಆಕೆಯ ಕೈಗೆ ಕೊಟ್ಟ. ಬಸವನಹುಳು ಗುಂಪಿನ ಹಿಂದೆ, ಹತ್ತು ಹೆಜ್ಜೆ ದೂರದಲ್ಲಿ ಬರುತ್ತಿದ್ದಳು. ಅವಳ ಪಕ್ಕ ಯಾರೂ ನಡೆಯುತ್ತಿರಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಅವಳು ಬರುವುದನ್ನೇ ಬಿಟ್ಟಳು.

ಟೀಚರ್ ಲಾಂಡ್ರಿಗೆ ಹೋದಳು. ತಾಯಿ ಕೈಸನ್ನೆಯಿಂದ ಹಿಂದಿನ ಅಂಗಳ ತೋರಿಸಿದಳು. ಹುಡುಗಿ ಒಣಹಾಕಿದ ಹೊದಿಕೆಗಳ ಸಾಲಿನ ನಡುವೆ ಕ್ಲಿಪ್ಪಿನ ಬುಟ್ಟಿ ಹಿಡಿದು ನಿಂತಿದ್ದಳು. ಟೀಚರನ್ನು ಕಂಡು ಒಂದು ಹೊದಿಕೆಯ ಹಿಂದಕ್ಕೆ ಸರಿದಳು. ಬಟ್ಟೆಯ ಕೆಳಗೆ ಅವಳ ಪಾದಗಳು ಮಾತ್ರ ಕಾಣುತ್ತಿದ್ದವು.

"ಶಾಲೆಗೆ ಯಾಕಮ್ಮ ಹೋಗ್ತಿಲ್ಲ?"

ಹೊದಿಕೆಯ ಕೆಳಗೆ ಒಂದು ಪಾದ ಇನ್ನೊಂದರ ಮೇಲೆ ಏರಿತು.

"ಅಲ್ಲಿ ಯಾರಾದ್ರೂ ಏನಾದ್ರೂ ಅಂತಾರಾ?"

ಹೊದಿಕೆಯ ಹಿಂದಿನಿಂದ ಸಣ್ಣ ದನಿ ಬಂತು. "ನಾನು ಊಹೆ ಮಾಡಬೇಕಿತ್ತು, ಅಲ್ವಾ ಟೀಚರ್?"

ಟೀಚರ್ ನೆಲದ ಮೇಲೆ ಕೂತಳು. ಇಲ್ಲ ಎಂದು ಹೇಳಬೇಕು. ನೀನು ಮಾಡಿದ್ದೇ ಸರಿ ಎಂದು ಹೇಳಬೇಕು. ಆದರೆ ಇಡೀ ವರ್ಷ ಊಹೆ ಮಾಡು, ಊಹೆ ಮಾಡು ಎಂದು ಆ ಮಗುವಿನ ತಲೆ ತಿಂದವಳು ತಾನೇ. "ನಿನ್ನ ತಪ್ಪು ಏನೂ ಇಲ್ಲ ಪುಟ್ಟಿ," ಎಂದಳು. ಹೇಳಿದ ಮಾತು ನಿಜವಾಗಿಯೇ ಇತ್ತು, ಆದರೂ ಆಕೆಯ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು. ಹುಡುಗಿ ಈಚೆ ಬರಲಿಲ್ಲ.

ಹೊರಡುವಾಗ, ಸಂಜೆ ಹೊತ್ತು ಮನೆಗೆ ಕಳಿಸು, ನಾನೇ ಓದಿಸುತ್ತೇನೆ ಎಂದು ತಾಯಿಯನ್ನು ಬೇಡಿಕೊಂಡಳು. ತಾಯಿ ಯಂತ್ರದಿಂದ ಕಣ್ಣು ತೆಗೆಯಲಿಲ್ಲ. "ಬೇಡ ಟೀಚರ್. ಇನ್ನು ಅವಳನ್ನ ಬಿಟ್ಬಿಡಿ." ಟೀಚರ್ ಮತ್ತೆ ಎರಡು ಸಲ ಹೋದಳು. ಎರಡನೇ ಸಲ ಹುಡುಗಿ ಒಳಗೆ ಅಡಗಿಕೊಂಡಳು. ಆಮೇಲೆ ಹೋಗಲಿಲ್ಲ.

ಆ ದಿನಗಳಲ್ಲಿ ಆಕೆಗೆ ಊಟ ಸೇರುತ್ತಿರಲಿಲ್ಲ. ಮೊದಲೇ ಕಡ್ಡಿ, ಈಗ ಕಡ್ಡಿಯ ನೆರಳು. ಒಂದು ದಿನ ತಟ್ಟೆಯ ಮುಂದೆ ಕೂತು ಕೇಳಿಯೇಬಿಟ್ಟಳು. "ಅತ್ತೆ, ನಾನು ಅವತ್ತು ಮಾಡಿದ್ದು ತಪ್ಪಾ?"

ಮುದುಕಿ ಸುಮ್ಮನೆ ಸಮಾಧಾನ ಹೇಳುವವಳಲ್ಲ. "ನಾನಾಗಿದ್ರೆ ಮಗೂನ ಮನೇಲೇ ಬಿಡ್ತಿದ್ದೆ," ಎಂದಳು. "ಶಾಲೆ ಉಳೀತಿತ್ತು. ಆಮೇಲೆ ಆ ಮಗು ಮುಖ ನೋಡೋಕಾಗದೆ ಹೀಗೇ ತಟ್ಟೆ ಮುಂದೆ ಕೂರ್ತಿದ್ದೆ. ಯಾವ ಕಡೆಯಿಂದ ಹೋದ್ರೂ ಈ ತಟ್ಟೆ ಮುಂದೇನೇ ಬಂದು ಕೂರಬೇಕಿತ್ತು ಕಣೇ. ತಿನ್ನು, ಆರಿಹೋಗತ್ತೆ."

ಮರುವರ್ಷ ಪೇಟೆಯ ಒಂದು ತರಬೇತಿ ಕೇಂದ್ರದಲ್ಲಿ ಆಕೆಗೆ ಕೆಲಸ ಸಿಕ್ಕಿತು. ಔಷಧಿ ಅಂಗಡಿಯ ಮೇಲಿನ ಮಹಡಿ, ಗಾಜಿನ ಬಾಗಿಲು, ಗೋಡೆಯ ತುಂಬ ಗೆದ್ದ ಮಕ್ಕಳ ಫೋಟೋಗಳು. ದೊಡ್ಡ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವುದೇ ಅಲ್ಲಿನ ವ್ಯಾಪಾರ. ಅಷ್ಟು ಚೆನ್ನಾಗಿ ಗುಂಡು ತುಂಬಿಸುವವರನ್ನು ಮಾಲೀಕ ಬೇರೆಲ್ಲೂ ಕಂಡಿರಲಿಲ್ಲ. ಕೇಂದ್ರದ ಹೆಸರು ಕೆಡಬಾರದೆಂದು ಸೇರಲು ಬಂದ ಮಕ್ಕಳಿಗೆ ಮೊದಲೇ ಒಂದು ಕಿರುಪರೀಕ್ಷೆ ಇಟ್ಟು, ಹಿಂದುಳಿದವರನ್ನು ವಾಪಸ್ ಕಳಿಸುವುದು ಅಲ್ಲಿನ ಪದ್ಧತಿ. ಆ ಕೆಲಸವೂ ಆಕೆಯ ಪಾಲಿಗೆ ಬಂತು. ಆಕೆ ಒಲ್ಲೆ ಎನ್ನಲಿಲ್ಲ. ಉಳಿದ ಶಿಕ್ಷಕರು ಜಾಗ ತುಂಬಿದೆ, ಮುಂದಿನ ತಿಂಗಳು ಬನ್ನಿ ಎಂದು ತಿಪ್ಪೆ ಸಾರಿಸುತ್ತಿದ್ದರು. ಆಕೆ ಮಾತ್ರ ತಾಯ್ತಂದೆಯರನ್ನು ಪಕ್ಕಕ್ಕೆ ಕರೆದು, "ನಿಮ್ಮ ಮಗು ನಿಧಾನ ಓದತ್ತೆ. ಇಲ್ಲಿ ನಿಧಾನಕ್ಕೆ ಜಾಗ ಇಲ್ಲ. ಮಗುವಿನ ತಪ್ಪಲ್ಲ," ಎಂದು ನೇರವಾಗಿ ಹೇಳುತ್ತಿದ್ದಳು. ಕೆಲವರು ಥ್ಯಾಂಕ್ಸ್ ಹೇಳುತ್ತಿದ್ದರು, ಕೆಲವರು ಬೈಯುತ್ತಿದ್ದರು. ಸಂಜೆ ಮನೆಗೆ ಬಂದರೆ ಅತ್ತೆ ಈಗ ಕತ್ತೆ ಕುದುರೆಯ ಲೆಕ್ಕ ಕೇಳುತ್ತಿರಲಿಲ್ಲ. ಚಹಾ ಕುಡಿದೆಯಾ ಎಂದಷ್ಟೇ ಕೇಳುತ್ತಿದ್ದಳು.

ಕೆಲವು ವರ್ಷಗಳು ಹೀಗೇ ಹೋದವು. ಹೆಡ್ಮಾಷ್ಟರು ನಿವೃತ್ತರಾಗಿ ಮಗಳ ಊರಿಗೆ ಹೋದರು. ಹಳೇ ಶಾಲೆಯ ಕೋಣೆಗಳನ್ನು ಮರದ ಗೋದಾಮಿನವನು ಬಾಡಿಗೆಗೆ ಹಿಡಿದು ಹಲಗೆ ತುಂಬಿಸಿದ.

ಒಂದು ಬೆಳಿಗ್ಗೆ ಅತ್ತೆಯ ಮಂಡಿಯ ಔಷಧಿಗೆಂದು ಟೀಚರ್ ಆಸ್ಪತ್ರೆಗೆ ಹೋಗಿದ್ದಳು. ಹಿಂಬಾಗಿಲಿನ ಏರಿನಲ್ಲಿ ಒಬ್ಬ ಎತ್ತರದ ಹುಡುಗಿ ಒಗೆದ ಹೊದಿಕೆಗಳ ಚಕ್ರದ ಗಾಡಿಯನ್ನು ತಳ್ಳುತ್ತಿದ್ದಳು. ಭಾರಕ್ಕೆ ಗಾಡಿ ಹಿಂದೆ ಹಿಂದೆ ಬರುತ್ತಿತ್ತು. ಟೀಚರ್ ಹೋಗಿ ಇನ್ನೊಂದು ಮೂಲೆಗೆ ಕೈ ಕೊಟ್ಟ ಮೇಲೆಯೇ ಮುಖ ನೋಡಿದ್ದು.

"ಟೀಚರ್," ಎಂದಳು ಹುಡುಗಿ. ನಗಲಿಲ್ಲ, ಆದರೆ ಈ ಸಲ ಅಡಗಿಕೊಳ್ಳಲೂ ಇಲ್ಲ.

"ಅಮ್ಮ ಹೇಗಿದಾಳೆ?"

"ಕೈ ಸುಟ್ಕೊಂಡಿದಾಳೆ. ಅದಕ್ಕೇ ನಾನು ಬರ್ತಿದೀನಿ."

"ಸಂಜೆ ಯಾವಾಗಾದ್ರೂ ಮನೆಗೆ ಬಾ. ಅತ್ತೆ ನಿನ್ನ ಕೇಳ್ತಿರ್ತಾರೆ."

"ಕೆಲಸ ಇರತ್ತೆ ಟೀಚರ್."

ಇಬ್ಬರೂ ಸೇರಿ ಗಾಡಿಯನ್ನು ಏರಿನ ತುದಿಯ ತನಕ ತಳ್ಳಿದರು. ಅಲ್ಲಿ ಕಾವಲಿನವನು ಕೈ ಅಡ್ಡ ಹಿಡಿದು, ಕೆಲಸದವರು ಮಾತ್ರ ಒಳಗೆ ಹೋಗಬಹುದು ಎಂದ. ಟೀಚರ್ ಕೈ ತೆಗೆದಳು. ಹುಡುಗಿ ಒಬ್ಬಳೇ ಗಾಡಿ ತಳ್ಳಿಕೊಂಡು ಉದ್ದನೆಯ ಕಾರಿಡಾರಿನಲ್ಲಿ ನಡೆದಳು. ಒಂದು ಚಕ್ರ ಕಿರುಗುಟ್ಟುತ್ತಿತ್ತು. ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಟೀಚರ್ ಔಷಧಿ ತೆಗೆದುಕೊಂಡು ಕೇಂದ್ರದ ಕಡೆ ಬೇಗಬೇಗ ಹೆಜ್ಜೆ ಹಾಕಿದಳು. ಆಗಲೇ ತಡವಾಗಿತ್ತು, ಕಿರುಪರೀಕ್ಷೆಗೆ ಬಂದ ಹೊಸ ಮಕ್ಕಳು ತಾಯ್ತಂದೆಯರ ಕೈ ಹಿಡಿದು ಮೆಟ್ಟಿಲ ಮೇಲೆ ಸಾಲುಗಟ್ಟಿ ನಿಂತಿದ್ದವು.